ಇಂಗ್ಲಿಷ್ ವಾಕ್ಯದ ಪಾಠ ಕನ್ನಡದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತಿದೆ. ಆದರೂ ಏಳನೇ ತರಗತಿಗೆ ಬಂದ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯದು ಎಂಬ ದೂರು ಶಿಕ್ಷಕರ ಕೊಠಡಿಗಳಲ್ಲಿ ತಪ್ಪಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನೂ ಆ ದೂರು ಹೇಳಿದವನೇ. ಅರ್ಧಕ್ಕೆ ನಿಂತ ವಾಕ್ಯ ಅಂದರೆ ಫ್ರಾಗ್ಮೆಂಟ್, ತಡೆಯಿಲ್ಲದೆ ಒಂದಕ್ಕೊಂದು ಅಂಟಿಕೊಂಡ ವಾಕ್ಯಗಳು ಅಂದರೆ ರನ್-ಆನ್, ಇವೆರಡನ್ನೂ ಮಕ್ಕಳ ಅಸಡ್ಡೆ ಎಂದೇ ಬಗೆದು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಅವುಗಳಲ್ಲಿ ಎಷ್ಟೋ ಅಚ್ಚುಕಟ್ಟಾದ ಕನ್ನಡದಿಂದಲೇ ಹುಟ್ಟುತ್ತವೆಂಬುದು ನನಗೆ ತಡವಾಗಿ ಹೊಳೆಯಿತು.

ಸಂಜೆ ಪಾಠ ಹೇಳಿಸಿಕೊಳ್ಳಲು ಬರುವ ನೆರೆಮನೆಯ ಹುಡುಗಿ ಮೊನ್ನೆ ಜಾತ್ರೆಯ ಬಗ್ಗೆ ಹೀಗೆ ಬರೆದಿದ್ದಳು: ‘ಐ ವೆಂಟ್ ಟು ದ ಜಾತ್ರೆ, ಐ ಸಾ ದ ತೇರು, ಐ ಏಟ್ ಮಂಡಕ್ಕಿ, ಐ ಕೇಮ್ ಹೋಮ್.’ ಇದನ್ನೇ ಕನ್ನಡದಲ್ಲಿ ಹೇಳು ಎಂದೆ. ‘ಜಾತ್ರೆಗೆ ಹೋಗಿ, ತೇರು ನೋಡಿ, ಮಂಡಕ್ಕಿ ತಿಂದು, ಮನೆಗೆ ಬಂದೆ’ ಎಂದಳು. ಈ ಕನ್ನಡ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಇರುವುದು ಕೊನೆಯ ‘ಬಂದೆ’ ಒಂದೇ; ಉಳಿದವು ಕ್ರಿಯೆಯನ್ನು ಮುಗಿಸದೆ ಮುಂದಿನದಕ್ಕೆ ಜೋಡಿಸುವ ಕೃದಂತಾವ್ಯಯಗಳಾದ್ದರಿಂದ ನಡುವೆ ಅಲ್ಪವಿರಾಮ ಸಾಕು. ಇಂಗ್ಲಿಷಿಗೆ ತಿರುಗಿಸುವಾಗ ‘ಹೋಗಿ’ ಎಂಬುದು ‘ಐ ವೆಂಟ್’ ಎಂದು ಪೂರ್ಣ ವಾಕ್ಯವಾಗಿಬಿಟ್ಟಿತು, ಅಲ್ಪವಿರಾಮ ಮಾತ್ರ ಹಿಂದಿನ ಜಾಗದಲ್ಲೇ ಉಳಿದು ರನ್-ಆನ್ ಆಯಿತು. ತಪ್ಪಿನ ಜಾಗ ಇಷ್ಟು ಸ್ಪಷ್ಟವಾದ ಮೇಲೆ ಪೂರ್ಣವಿರಾಮವನ್ನೋ ‘ಆ್ಯಂಡ್’ ಅನ್ನೋ ಎಲ್ಲಿಡಬೇಕೆಂದು ಅವಳೇ ಹೇಳಿದಳು.

ಫ್ರಾಗ್ಮೆಂಟಿನದೂ ಇದೇ ಕತೆ. ‘ನಮ್ಮಪ್ಪ ರೈತ’ ಎಂಬುದು ಕ್ರಿಯಾಪದವಿಲ್ಲದೆಯೂ ಕನ್ನಡದಲ್ಲಿ ಪೂರ್ಣ ವಾಕ್ಯ. ‘ಮೈ ಫಾದರ್ ಫಾರ್ಮರ್’ ಅಲ್ಲ. ‘ಆಡುತ್ತಿದ್ದಾರೆ’ ಎಂಬಲ್ಲಿ ‘ಇದ್ದಾರೆ’ ಒಳಗೇ ಕರಗಿರುವುದರಿಂದ ಮಕ್ಕಳು ‘ಬಾಯ್ಸ್ ಪ್ಲೇಯಿಂಗ್ ಕಬಡ್ಡಿ’ ಎಂದು ಬರೆದು ‘ಆರ್’ ಬಿಡುತ್ತಾರೆ. ‘ನಿನ್ನೆ ಶಾಲೆಗೆ ಬರಲಿಲ್ಲ. ಏಕೆಂದರೆ ಅಮ್ಮನಿಗೆ ಹುಷಾರಿರಲಿಲ್ಲ’ ಎಂದು ಕನ್ನಡದಲ್ಲಿ ಎರಡು ವಾಕ್ಯವಾಗಿ ಬರೆದರೆ ಯಾರೂ ಆಕ್ಷೇಪಿಸರು. ‘ಬಿಕಾಸ್ ಮೈ ಮದರ್ ವಾಸ್ ಇಲ್’ ಎಂಬುದನ್ನು ಇಂಗ್ಲಿಷ್ ಒಂಟಿಯಾಗಿ ನಿಲ್ಲಗೊಡದು. ಅದು ಮುಖ್ಯ ವಾಕ್ಯವೊಂದನ್ನು ಆತುಕೊಂಡೇ ಇರಬೇಕು.

ಇಲ್ಲಿ ನಾವು ಶಿಕ್ಷಕರು ಸೇರಿಸಿದ ಗೊಂದಲವೂ ಉಂಟು. ‘ಬಿಕಾಸ್’ನಿಂದ ವಾಕ್ಯ ಆರಂಭಿಸಲೇಬಾರದೆಂದು ನಾನು ವರ್ಷಗಟ್ಟಲೆ ಕಲಿಸಿದೆ. ಅದು ಸರಿಯಲ್ಲ, ‘ಬಿಕಾಸ್ ಇಟ್ ರೇನ್ಡ್, ವಿ ಸ್ಟೇಡ್ ಹೋಮ್’ ನಿರ್ದುಷ್ಟ ವಾಕ್ಯ. ಉದ್ದವಾಗಿದ್ದರೆ ರನ್-ಆನ್, ಚಿಕ್ಕದಾಗಿದ್ದರೆ ಫ್ರಾಗ್ಮೆಂಟ್ ಎಂಬ ನಂಬಿಕೆಯೂ ಹಾಗೆಯೇ. ‘ಐ ರ‍್ಯಾನ್ ಐ ಫೆಲ್’ ಎಂಬ ನಾಲ್ಕು ಪದಗಳೇ ರನ್-ಆನ್ ಆಗುತ್ತವೆ, ‘ಬರ್ಡ್ಸ್ ಫ್ಲೈ’ ಎಂಬ ಎರಡು ಪದಗಳು ಪೂರ್ಣ ವಾಕ್ಯ. ಅಲ್ಪವಿರಾಮದ ನಂತರ ‘ಬಟ್’ ಹಾಕಿ ಎರಡು ವಾಕ್ಯ ಜೋಡಿಸಬಹುದು, ‘ಹೌಎವರ್’ ಹಾಕಿ ಜೋಡಿಸಲಾಗದು, ಅದಕ್ಕೆ ಮೊದಲು ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ಎರಡಕ್ಕೂ ‘ಆದರೆ’ ಎಂದಷ್ಟೇ ಅರ್ಥ ಬರೆಸಿದರೆ ಮಗು ಎಡವದೆ ಇನ್ನೇನು ಮಾಡೀತು?

ಸಂಶಯ ಬಂದಾಗ ನಾನು ಈಗ ಹೇಳಿಕೊಡುವುದು ಒಂದು ಸಣ್ಣ ಪರೀಕ್ಷೆ. ಬರೆದುದರ ಆರಂಭಕ್ಕೆ ‘ಇಟ್ ಈಸ್ ಟ್ರೂ ದಟ್’ ಎಂದು ಸೇರಿಸಿ ಗಟ್ಟಿಯಾಗಿ ಓದಬೇಕು. ‘ಬರ್ಡ್ಸ್ ಫ್ಲೈ’ ಅದರೊಂದಿಗೆ ಹೊಂದುತ್ತದೆ, ‘ಬಿಕಾಸ್ ಮೈ ಮದರ್ ವಾಸ್ ಇಲ್’ ಹೊಂದುವುದಿಲ್ಲ. ಪ್ರಶ್ನೆ, ಆಜ್ಞೆಗಳಿಗೆ ಇದು ನಡೆಯದು, ಹೇಳಿಕೆಗಳಿಗೆ ಸಾಕು.

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳ ಪಾಠ ಹೇಗೂ ಇದೆ. ಕನ್ನಡದ ಮೇಷ್ಟ್ರು ಅದನ್ನು ಮುಗಿಸಿದ ವಾರವೇ ಇಂಗ್ಲಿಷ್ ಮೇಷ್ಟ್ರು ಅದೇ ಉದಾಹರಣೆಗಳನ್ನು ಕೈಗೆತ್ತಿಕೊಳ್ಳುವಂತೆ ಪಾಠಯೋಜನೆ ಹೊಂದಿಸುವುದು ಕಷ್ಟವಲ್ಲ. ಹಿರಿಯ ಪ್ರಾಥಮಿಕ ತರಗತಿಗಳ ಇಂಗ್ಲಿಷ್ ಶಿಕ್ಷಕರ ಕೈಪಿಡಿಯಲ್ಲೂ ಕನ್ನಡ ಮತ್ತು ಇಂಗ್ಲಿಷ್ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಎರಡು ಪುಟಗಳನ್ನು ಸೇರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ತಿಪಟೂರು