ಯಂತ್ರ ‘ಇಲ್ಲ’ ಎಂದಾಗ ‘ಹೌದು’ ಎನ್ನಲು ಒಬ್ಬರನ್ನು ಕೂರಿಸಿ: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಪತ್ರಗಳನ್ನು ಕೊನೆಯವರೆಗೆ ಓದುವ ಪುರುಸೊತ್ತು ತಮಗೆ ಇರಲಾರದು. ಬೆರಳಚ್ಚು ಒತ್ತಿಸಿಕೊಳ್ಳುವ ತಮ್ಮ ಪ್ರತಿಯೊಂದು ಕಚೇರಿಯಲ್ಲೂ, ಯಂತ್ರ ‘ಇಲ್ಲ’ ಎಂದಾಗ ‘ಹೌದು’ ಎಂದು ಬರೆದು ಸಹಿ ಹಾಕುವ ಅಧಿಕಾರವಿರುವ ಒಬ್ಬ ಮನುಷ್ಯನನ್ನು ಕೂರಿಸಿ. ಅಷ್ಟೇ. ಹೊಸ ಯಂತ್ರ ಬೇಡ, ಹೊಸ ಆ್ಯಪ್ ಬೇಡ, ಹಿರಿಯರಿಗೆ ಯಂತ್ರ ಬಳಸುವುದನ್ನು ಹೇಳಿಕೊಡುವ ಜಾಗೃತಿ ಸಪ್ತಾಹವಂತೂ ಬೇಡವೇ ಬೇಡ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೈಂಡಿಂಗ್ ಕೆಲಸ ಮಾಡಿದವರ ಬೆರಳುಗಳನ್ನು ತಾವು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಹಾಳೆಗಳನ್ನು ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳನ್ನು ಒತ್ತಿ ಎಳೆಯಬೇಕು, ದಿನವಿಡೀ. ಬೆರಳ ತುದಿಗೆ ಹಿಡಿದು ಒಣಗಿದ ಅಂಟನ್ನು ಉಜ್ಜಿ ತೆಗೆಯಬೇಕು. ಪುಸ್ತಕದ ಬೆನ್ನನ್ನು ಮರಳು ಕಾಗದದಿಂದ ತಿಕ್ಕುವಾಗ ಕಾಗದದ ಪುಡಿಯ ಜೊತೆಗೆ ಒಂದಿಷ್ಟು ಚರ್ಮವೂ ಹೋಗುತ್ತದೆ. ಬಲಗೈ ಹೆಬ್ಬೆರಳಿನ ತುದಿಯನ್ನು ಈಗ ಬೆಳಕಿಗೆ ಹಿಡಿದರೆ ಹೊಳೆಯುತ್ತದೆ, ಗೆರೆಗಳನ್ನು ಹುಡುಕಬೇಕು. ಇದರಿಂದ ನನಗೆ ಬೇಸರವೇನೂ ಇರಲಿಲ್ಲ, ತಮ್ಮ ಇಲಾಖೆಯು ಆ ಹೆಬ್ಬೆರಳನ್ನೇ ನಾನು ಎಂದು ತೀರ್ಮಾನಿಸುವವರೆಗೆ.

ನನ್ನ ಮಾಸಾಶನ ನಿಂತಿತು. ಕೇಳಲು ಹೋದೆ. ಕೌಂಟರಿನಲ್ಲಿ ಕೂತ ಗುಮಾಸ್ತರು ನನ್ನನ್ನು ಹಲವು ವರ್ಷಗಳಿಂದ ಬಲ್ಲವರು. “ಬನ್ನಿ ಯಜಮಾನರೇ, ಮಂಡಿ ನೋವು ಹೇಗಿದೆ?” ಎಂದು ಕೇಳಿ, ಕುರ್ಚಿ ಕೊಟ್ಟು, ಪುಟ್ಟ ಡಬ್ಬಿಯಂಥ ಯಂತ್ರವನ್ನು ನನ್ನ ಕಡೆ ತಿರುಗಿಸಿದರು. ಬೆರಳಿಟ್ಟೆ. ಪರದೆಯ ಮೇಲೆ ಕೆಂಪಕ್ಷರ. ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಇಟ್ಟೆ. ಎಡಗೈ, ತೋರುಬೆರಳು, ಉಂಗುರದ ಬೆರಳು, ಹೀಗೆ ಇರುವ ಬೆರಳುಗಳನ್ನೆಲ್ಲ ಸರದಿಯ ಮೇಲೆ ಒಪ್ಪಿಸಿದ್ದಾಯಿತು. ಸಾಲಿನಲ್ಲಿ ಹಿಂದೆ ನಿಂತವರೊಬ್ಬರು ಎಣ್ಣೆ ಸವರಿ ಎಂದರು, ಇನ್ನೊಬ್ಬರು ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದರು. ಕೆಂಪಕ್ಷರ ಕದಲಲಿಲ್ಲ.

“ನಾನು ಯಾರೆಂದು ನಿಮಗೆ ಗೊತ್ತಲ್ಲ” ಎಂದೆ.

“ನನಗೆ ಗೊತ್ತು ಯಜಮಾನರೇ, ಸಿಸ್ಟಮ್‌ಗೆ ಗೊತ್ತಾಗಬೇಕಲ್ಲ” ಎಂದರು.

ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಹಳೆಯ ರಿಜಿಸ್ಟರುಗಳ ಸಾಲು. ಕೆಂಪು ಬಟ್ಟೆಯ ಬೆನ್ನು, ಮೂಲೆಗಳಿಗೂ ಅದೇ ಬಟ್ಟೆ. ಕಟ್ಟಿದವನು ನಾನೇ, ಆ ಕಚೇರಿಗೆ ಬಹಳ ಕಾಲ ನಾನೇ ಕಟ್ಟಿಕೊಟ್ಟಿದ್ದೇನೆ. ಅವುಗಳಲ್ಲೊಂದನ್ನು ಇಳಿಸಿ ಧೂಳು ಹೊಡೆದು ತೆರೆದರೆ ಒಳಗೆ ನನ್ನ ಹೆಸರಿದೆ, ತಿಂಗಳು ತಿಂಗಳೂ ಹಣ ಪಡೆದಾಗ ಹಾಕಿದ ನನ್ನ ಸಹಿಯಿದೆ. ಹೊರಗೆ ನನ್ನ ಕೆಲಸ, ಒಳಗೆ ನನ್ನ ಸಹಿ, ಎದುರಿಗೆ ನನ್ನ ಮಂಡಿ ನೋವಿನ ಇತಿಹಾಸವನ್ನೂ ಬಲ್ಲ ಮನುಷ್ಯ. ಇಷ್ಟಾದರೂ ನಾನು ನಾನಲ್ಲ. ನನ್ನ ವೇಷ ಹಾಕಿಕೊಂಡು, ನನ್ನದೇ ನೋವನ್ನೂ ಎರವಲು ತಂದುಕೊಂಡು, ನನ್ನ ಮಾಸಾಶನ ಕದಿಯಲು ಬಂದ ಇನ್ನಾರೋ.

ಹೊರಡುವಾಗ ಗುಮಾಸ್ತರು ದನಿ ತಗ್ಗಿಸಿ ಒಂದು ಉಪಾಯ ಹೇಳಿದರು. ಕೆಲವು ವಾರ ಬೈಂಡಿಂಗ್ ಕೆಲಸ ಬಿಟ್ಟುಬಿಡಿ, ಬೆರಳಿಗೆ ವಿಶ್ರಾಂತಿ ಕೊಡಿ, ಗೆರೆಗಳು ಮತ್ತೆ ಬೆಳೆಯುತ್ತವಂತೆ ಎಂದು. ಮಾಸಾಶನ ನಿಂತವನಿಗೆ ದುಡಿಮೆಯನ್ನೂ ನಿಲ್ಲಿಸು ಎಂಬ ಸಲಹೆ! ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲಿ ಇದ್ದ ಪರಿಹಾರ ಅದೊಂದೇ. ಬಿಟ್ಟೆ ಸ್ವಾಮಿ, ಕೆಲಸ ಬಿಟ್ಟೆ. ಮಡಿಕೆ ಹಾಕುವುದನ್ನು ಮನೆಯಾಕೆ ಮಾಡಿದರು, ನಾನು ದಿನಕ್ಕೆರಡು ಬಾರಿ ಬೆರಳಿಗೆ ಮುಲಾಮು ಹಚ್ಚಿಕೊಂಡು ಜಮೀನ್ದಾರನಂತೆ ಕೂತೆ. ಮತ್ತೆ ಹೋದಾಗಲೂ ಅದೇ ಕೆಂಪಕ್ಷರ.

ಬೆರಳು ಒಪ್ಪದಿದ್ದರೆ ಬೇರೆ ದಾಖಲೆ ನೋಡಿ ಸೇವೆ ಕೊಡುವ ಅವಕಾಶದ ಬಗ್ಗೆ ನಿಯಮ ಏನು ಹೇಳುತ್ತದೆ ಎಂಬುದು ತಮಗೆ ಗೊತ್ತೇ ಇರುತ್ತದೆ, ನಿಯಮ ಮಾಡಿದವರೇ ತಾವು. ಕೌಂಟರಿನಲ್ಲಿ ಕೂತವರಿಗೆ ಅದು ತಲುಪಿಲ್ಲ. ತಲುಪಿದ್ದರೂ ಅವರ ಪರದೆಯ ಮೇಲೆ ಅದಕ್ಕೊಂದು ಗುಂಡಿ ಇಲ್ಲ. ಪರದೆಯಲ್ಲಿ ಇರುವ ಪರ್ಯಾಯವೆಂದರೆ ಒಟಿಪಿ. ಅದು ಹೋಗುವುದು ನಾನು ಎಂದೋ ಕೈಬಿಟ್ಟ ಹಳೆಯ ಮೊಬೈಲ್ ನಂಬರಿಗೆ. ನಂಬರ್ ಬದಲಿಸಿಕೊಡಿ ಎಂದರೆ, ಧಾರಾಳವಾಗಿ, ಆದರೆ ಅದಕ್ಕೆ ಬೆರಳಚ್ಚು ಕೊಡಬೇಕು. ಇದನ್ನು ಯೋಜಿಸಿದ ಎಂಜಿನಿಯರ್ ಮಹಾಶಯರು ಯಾರೇ ಇರಲಿ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕೊನೆಗೆ ಮಗಳ ಫೋನಿನಿಂದ ದೂರು ಕೊಟ್ಟೆ. ಕೆಲವು ದಿನಗಳಲ್ಲಿ ಸಂದೇಶ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಪರಿಹರಿಸಿದವರು ಯಾರು, ಏನು ಪರಿಹರಿಸಿದರು ಎಂದು ಕೇಳೋಣವೆಂದರೆ ಆ ಸಂದೇಶಕ್ಕೆ ಮರುಉತ್ತರ ಬರೆಯಲು ಬರುವುದಿಲ್ಲ.

ಆದ್ದರಿಂದ ಮತ್ತೊಮ್ಮೆ: ಸಹಿ ಹಾಕುವ ಅಧಿಕಾರವಿರುವ ಒಬ್ಬ ಮನುಷ್ಯ.

ನಾನು ತಂತ್ರಜ್ಞಾನ ಓದಿದವನಲ್ಲ, ಆದರೆ ನನ್ನ ಬೆರಳಿನ ಮೇಲೆ ಇಷ್ಟು ದೊಡ್ಡ ಆಪಾದನೆ ಬಂದ ಮೇಲೆ ವಿಚಾರಿಸದೆ ಇರಲಾಗಲಿಲ್ಲ. ಈ ಯಂತ್ರವು ಗೆರೆಗಳು ಎಲ್ಲಿ ಕೊನೆಯಾಗುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಗುರುತಿಸಿ, ಮೊದಲು ದಾಖಲಾದ ಬಿಂದುಗಳ ಜೊತೆ ತಾಳೆ ನೋಡಿ, ಒಂದು ಅಂಕ ಕೊಡುತ್ತದೆಯಂತೆ. ‘ಇವನೇ’ ಎಂದಾಗಲಿ ‘ಇವನಲ್ಲ’ ಎಂದಾಗಲಿ ಅದು ತಾನಾಗಿ ಹೇಳುವುದಿಲ್ಲ. ಇಷ್ಟು ಅಂಕ ಬಂದರೆ ಪಾಸು, ಅದಕ್ಕಿಂತ ಕಡಿಮೆಯಾದರೆ ಫೇಲು ಎಂಬ ಗೆರೆಯನ್ನು ಎಳೆದವರು ಮನುಷ್ಯರು. ಗೆರೆಯನ್ನು ಮೇಲೆತ್ತಿದರೆ ಕಳ್ಳರು ಒಳಗೆ ಬರುವುದು ಕಡಿಮೆಯಾಗುತ್ತದೆ, ನಿಜವಾದವರು ಹೊರಗೆ ಉಳಿಯುವುದು ಹೆಚ್ಚುತ್ತದೆ. ಕೆಳಗಿಳಿಸಿದರೆ ತಿರುಗುಮುರುಗು. ಎರಡನ್ನೂ ಸೊನ್ನೆ ಮಾಡಿದ ಯಂತ್ರ ಇನ್ನೂ ಹುಟ್ಟಿಲ್ಲ. ಅಂದರೆ ಇಷ್ಟು ಜನ ಪ್ರಾಮಾಣಿಕರು ಹೊರಗೆ ಉಳಿಯಲಿ, ಪರವಾಗಿಲ್ಲ ಎಂದು ಯಾವುದೋ ಸಭೆಯಲ್ಲಿ ಯಾರೋ ಒಪ್ಪಿಕೊಂಡಿದ್ದಾರೆ. ನೂರಕ್ಕೆ ಒಬ್ಬರು ತಾನೇ ಎನ್ನಬಹುದು. ಒಂದು ಕೋಟಿ ಜನರಿರುವ ಕಡೆ ಆ ಒಬ್ಬರು ಒಂದು ಲಕ್ಷವಾಗುತ್ತಾರೆ. ಆ ಸಭೆಯ ನಡಾವಳಿ ಎಲ್ಲಿದೆ? ಅದಕ್ಕೆ ಸಹಿ ಹಾಕಿದವರು ಯಾರು?

ಗೆರೆ ಸವೆಯುವುದು ಬೈಂಡರುಗಳಿಗೆ ಮಾತ್ರವಲ್ಲ. ಗಾರೆ ಕೆಲಸದವರಿಗೆ ಸುಣ್ಣ ಮತ್ತು ಸಿಮೆಂಟು, ಪಾತ್ರೆ ತೊಳೆಯುವವರಿಗೆ ಸೋಪಿನ ಪುಡಿ, ಮಿಕ್ಕವರಿಗೆಲ್ಲ ವಯಸ್ಸು. ಕ್ಯಾಪೆಸಿಟಬಿನ್ ಎಂಬ ಕ್ಯಾನ್ಸರ್ ಔಷಧಿಯಿಂದಲೂ ಬೆರಳಚ್ಚು ಅಳಿಸಿಹೋಗಬಹುದು. ಅದನ್ನು ಸೇವಿಸುತ್ತಿದ್ದ ಸಿಂಗಪುರದ ರೋಗಿಯೊಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಸಿಗಲಿಲ್ಲವೆಂದು ಗಂಟೆಗಟ್ಟಲೆ ತಡೆದಿದ್ದನ್ನು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಲಾಗಿದೆ. ಗಮನಿಸಿ, ಕೊನೆಗೆ ಅಲ್ಲಿನ ಅಧಿಕಾರಿಗಳು ಆತನನ್ನು ಒಳಗೆ ಬಿಟ್ಟರು. ಅಪಾಯವಿಲ್ಲ ಎಂದು ನಿರ್ಧರಿಸುವ ಅಧಿಕಾರ ಅಲ್ಲಿ ಮನುಷ್ಯರಿಗೆ ಇತ್ತು.

ನನ್ನ ಅಂಗಡಿಯಲ್ಲೂ ಒಂದು ಯಂತ್ರವಿದೆ, ಕಾಗದ ಕತ್ತರಿಸುವುದು. ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಕೆಳಗಿಳಿಯುತ್ತದೆ. ಒಂದು ಕೈ ತೆಗೆದರೆ ನಿಂತುಬಿಡುತ್ತದೆ, ಏಕೆಂದರೆ ಆ ಕೈ ಬ್ಲೇಡಿನ ಕೆಳಗೆ ಇರಬಹುದು. ಪಕ್ಕದಲ್ಲಿ ಕೆಂಪು ಗುಂಡಿ ಬೇರೆ. ಏನಾದರೂ ಎಡವಟ್ಟಾದರೆ ಯಾರು ಬೇಕಾದರೂ ಗುದ್ದಿ ನಿಲ್ಲಿಸಬಹುದು. ಇದನ್ನು ಮಾಡಿದವರು ಮನುಷ್ಯನೂ ತಪ್ಪುತ್ತಾನೆ, ಯಂತ್ರವೂ ತಪ್ಪುತ್ತದೆ ಎಂದುಕೊಂಡೇ ಕೆಲಸ ಶುರು ಮಾಡಿದ್ದಾರೆ. ಎಂಜಿನಿಯರಿಂಗ್ ಎಂದರೆ ಅದು. ತಮ್ಮ ಯಂತ್ರದಲ್ಲಿ ಆ ಕೆಂಪು ಗುಂಡಿ ಎಲ್ಲಿದೆ, ಮಾನ್ಯರೇ? ಕೆಂಪಕ್ಷರ ಮಾತ್ರ ಇದೆ.

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಬ್ರಿಟನ್ನಿನ ಅಂಚೆ ಸಂಸ್ಥೆಯೂ ಹಾಗೆಯೇ ಹೇಳಿತ್ತು. 1999ರಿಂದ ಅಲ್ಲಿ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶ ಬಂತು, ಹಣ ಕಡಿಮೆ ಬಿದ್ದಿದೆ ಎಂದು ತೋರಿಸತೊಡಗಿತು. ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರು ನಾವು ಮುಟ್ಟಿಲ್ಲ ಎಂದರು. ಯಾರೂ ನಂಬಲಿಲ್ಲ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ನ್ಯಾಯಾಲಯಗಳೇ ಮೊದಲಿಗೆ ಎಣಿಸಿಕೊಳ್ಳುವ ಪದ್ಧತಿ ಅಲ್ಲಿತ್ತು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. ತಂತ್ರಾಂಶದಲ್ಲೇ ದೋಷವಿತ್ತೆಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಸಂಸತ್ತು ಕಾನೂನು ಮಾಡಿದ್ದು 2024ರಲ್ಲಿ. ಆಸ್ಟ್ರೇಲಿಯಾದ ‘ರೋಬೊಡೆಟ್’ ಕಥೆಯೂ ಇಂಥದೇ: ವರ್ಷದ ಆದಾಯವನ್ನು ಹದಿನೈದು ದಿನಗಳ ಕಂತುಗಳಿಗೆ ಸಮನಾಗಿ ಹಂಚಿ, ನೀವು ಹೆಚ್ಚು ನೆರವು ಪಡೆದಿದ್ದೀರಿ, ಹಿಂದಿರುಗಿಸಿ ಎಂದು ಕಂಪ್ಯೂಟರ್ ಲಕ್ಷಾಂತರ ಬಡವರಿಗೆ ನೋಟಿಸು ಕಳಿಸಿತು. ಅದು ಕಾನೂನುಬಾಹಿರವೆಂದು ತೀರ್ಮಾನವಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಪೋಷಕರನ್ನು ವಂಚಕರೆಂದು ಕರೆದದ್ದಕ್ಕೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು. ತಮ್ಮಿಂದ ಅಷ್ಟೆಲ್ಲ ನಿರೀಕ್ಷಿಸುವ ಧೈರ್ಯ ನನಗಿಲ್ಲ. ಒಬ್ಬ ಅಧಿಕಾರಿ, ಒಂದು ಕುರ್ಚಿ, ಒಂದು ಪೆನ್ನು ಸಾಕು.

ಪೆನ್ನು ಎಂದಾಗ ನೆನಪಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವು. ಆ ದಿನ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಚೀಟಿ ಹಿಡಿದು ಜನ ವಿಮಾನ ಹತ್ತಿದರು. ಆಕಾಶದಲ್ಲಿ ಹಾರಲು ಕೈಬರಹದ ಚೀಟಿ ನಡೆಯುತ್ತದೆ, ತಿಂಗಳ ಮಾಸಾಶನ ಪಡೆಯಲು ನಡೆಯುವುದಿಲ್ಲ ಎಂದಾದರೆ, ಎರಡರಲ್ಲಿ ಯಾವುದಕ್ಕೆ ಹೆಚ್ಚಿನ ಭದ್ರತೆ ಬೇಕು ಎಂಬುದರ ಬಗ್ಗೆ ತಮ್ಮ ಇಲಾಖೆಗೆ ವಿಶೇಷವಾದ ಜ್ಞಾನೋದಯವಾಗಿದೆ ಎಂದೇ ಅರ್ಥ.

ಮನುಷ್ಯನ ಕೈಗೆ ಅಧಿಕಾರ ಕೊಟ್ಟರೆ ಲಂಚ ನಡೆಯುತ್ತದೆ ಎಂಬ ಉತ್ತರ ಬರುತ್ತದೆಂದು ಗೊತ್ತು. ನಡೆಯಬಹುದು. ಆದರೆ ಸಹಿ ಹಾಕಿದವನನ್ನು ಹಿಡಿಯಬಹುದು, ವಿಚಾರಣೆ ಮಾಡಬಹುದು, ಅಮಾನತು ಮಾಡಬಹುದು. ಕೆಂಪಕ್ಷರವನ್ನು ಏನು ಮಾಡುವಿರಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ತಮಗೂ ಗೊತ್ತು. ಪೂಜಾರಿಯಾದರೆ ಗೋಗರೆಯಬಹುದಿತ್ತು, ಜಗಳವನ್ನಾದರೂ ಆಡಬಹುದಿತ್ತು.

ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ನಿಯಮಗಳಲ್ಲಿ 22ನೆಯ ವಿಧಿ ಎಂಬುದೊಂದಿದೆ. ಜನರ ಬದುಕಿನ ಮೇಲೆ ಗಂಭೀರ ಪರಿಣಾಮ ಬೀರುವ ತೀರ್ಮಾನವನ್ನು ಯಂತ್ರವೊಂದೇ ಮಾಡುವುದಕ್ಕೆ ಅದು ಕಡಿವಾಣ ಹಾಕುತ್ತದೆ. ಅಂದರೆ ನಾನು ಕೇಳುತ್ತಿರುವುದು ಹುಚ್ಚು ಬೇಡಿಕೆಯೇನಲ್ಲ. ಬೇರೆ ಕಡೆ ಕಾನೂನಾಗಿ ವರ್ಷಗಳೇ ಕಳೆದಿವೆ.

ಸುತ್ತೋಲೆ ಒಂದು ಪುಟ ಮೀರಬೇಕಾಗಿಲ್ಲ. ಬೆರಳಚ್ಚು ತಾಳೆಯಾಗದಿದ್ದರೆ ಅದೇ ದಿನ, ಅದೇ ಕಚೇರಿಯಲ್ಲಿ, ಹಳೆಯ ದಾಖಲೆ ಮತ್ತು ಎದುರಿಗೆ ನಿಂತ ಮನುಷ್ಯನನ್ನು ನೋಡಿ ತೀರ್ಮಾನಿಸುವ ಅಧಿಕಾರಿ ಇರಬೇಕು. ಅವರ ಹೆಸರನ್ನು ಗೋಡೆಯ ಮೇಲೆ ಬರೆದಿರಬೇಕು. ನಿರಾಕರಿಸುವುದಾದರೆ ಕಾರಣವನ್ನು ಕಾಗದದಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕು. ತೀರ್ಮಾನವಾಗುವವರೆಗೆ ಮಾಸಾಶನ ನಿಲ್ಲಬಾರದು; ಯಂತ್ರಕ್ಕೆ ಅನುಮಾನ ಬಂದರೆ ಯಂತ್ರ ಕಾಯಲಿ, ನಾವು ಕಾದದ್ದಾಯಿತು. ಆ ಸುತ್ತೋಲೆಯ ಪ್ರತಿಯನ್ನು ಪ್ರತಿಯೊಂದು ಕೌಂಟರಿಗೂ ಕಳಿಸಿ. ಅವುಗಳನ್ನು ಒಟ್ಟು ಸೇರಿಸಿ ರಟ್ಟು ಕಟ್ಟಿಕೊಡಬೇಕಾದರೆ ಹೇಳಿಕಳಿಸಿ, ಕಟ್ಟಿಕೊಡುತ್ತೇನೆ. ಕೂಲಿಯನ್ನು ಮಾತ್ರ ನಗದಾಗಿ ಕೊಡಬೇಕು.

ಇಂತಿ,
ಮಾಸಾಶನದ ಬಾಕಿಗಾಗಿ ಕಾಯುತ್ತಿರುವ ಒಬ್ಬ ಬೈಂಡರ್