ರಥಬೀದಿಯ ಆ ಹಿರಿಯರಿಗೆ

ಹೋದ ತಿಂಗಳು ಉಡುಪಿ ರಥಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ ಹಿರಿಯರೇ, ನಿಮ್ಮ ಹೆಸರು ಕೇಳಲಿಲ್ಲ. ತಪ್ಪಾಯಿತು.

ಅಜ್ಜಿಯ ಹವಳದ ಸರ ಕಾಣೆಯಾದದ್ದು ನಾನು ಹುಟ್ಟಿದ ವರ್ಷ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಕೆಲಸ ಬಿಟ್ಟು ಹೋದ ಮನೆಗೆಲಸದ ಅಕ್ಕನೇ ಕದ್ದದ್ದು ಅಂತ ಮನೆಯವರೆಲ್ಲ ನಂಬಿದ್ದರು. ಕೃಷ್ಣಮಠದ ಹತ್ತಿರ ತೆಗೆದ ಹಳೇ ಫೋಟೋ ಸ್ಕ್ಯಾನ್ ಮಾಡಿಸುವಾಗ ಸುಮ್ನೆ ಆ ಕಥೆ ಹೇಳಿದೆ. ನೀವು ಕನ್ನಡಕ ಹಣೆಗೇರಿಸಿ ಫೋಟೋವನ್ನು ಮೂಗಿನ ಹತ್ತಿರ ಹಿಡಿದಿರಿ.

"ಹಿಂದೆ ಕಟ್ಟಿಗೆ ರಥ ಇದೆ, ಕಂಡಿರಾ?"

ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಅದಕ್ಕೆ ಮೊದಲು ಸೌದೆಯನ್ನು ರಥದ ಹಾಗೆ ಪೇರಿಸುತ್ತಾರೆ. ಫೋಟೋದಲ್ಲಿ ಅದು ತುದಿವರೆಗೆ ಪೂರ್ತಿಯಾಗಿತ್ತು. ಅಂದರೆ ಆಟಿ ಕಳೆದು ಎಷ್ಟೋ ದಿನವಾಗಿತ್ತು, ಅಲ್ವಾ! ಕಂಕುಳಲ್ಲಿದ್ದ ಹಲ್ಲು ಬಾರದ ಮಗು ನಾನೇ, ಹಾಗಾಗಿ ಬೇರೆ ಪರ್ಯಾಯದ್ದೂ ಅಲ್ಲ. ಅಜ್ಜಿಯ ಕುತ್ತಿಗೆಯಲ್ಲಿ ಸರ ಹಾಗೇ ಇತ್ತು.

"ಮನೆಯಲ್ಲಿ ಅಡವು ಚೀಟಿ ಇದೆಯಾ ಹುಡುಕಿ" ಅಂದದ್ದೂ ನೀವೇ. ಅಜ್ಜನ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಸಿಕ್ಕಿತು. ಅಡವಿಟ್ಟದ್ದು ಅಜ್ಜ. ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಅಮ್ಮನೂ ನಾನೂ ಮಲ್ಪೆಗೆ ಹೋಗಿ ಆ ಅಕ್ಕನ ಕೈ ಹಿಡಿದು ಕ್ಷಮೆ ಕೇಳಿದೆವು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬೆಲ್ಲ, ನೀರು ತಂದುಕೊಟ್ಟರು. ಅಮ್ಮ ಅತ್ತುಬಿಟ್ಟರು.

ಅವರಿಗೆ ನಿಮ್ಮನ್ನು ಒಮ್ಮೆ ನೋಡಬೇಕಂತೆ. ಇದನ್ನು ಓದಿದರೆ ಆ ಅಂಗಡಿಯಲ್ಲಿ ಒಂದು ಮಾತು ಹೇಳಿಹೋಗಿ. ನಿಮಗೆ ನಮ್ಮ ಮನೆಯವರೆಲ್ಲರ ಕೋಟಿ ನಮಸ್ಕಾರ.