ಮೂರು ರೋಲು, ತೊಳೆಸುವ ಮುನ್ನ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಬಿಸ್ಕತ್ತಿನ ಡಬ್ಬಿ, ಅದರೊಳಗೆ ತೊಳೆಯದ ಮೂರು ಫಿಲ್ಮ್ ರೋಲು. ಎರಡು ಕೋನಿಕಾ, ಒಂದು ಕೊಡಾಕ್ ಗೋಲ್ಡ್ 200. ಮುಚ್ಚಳದ ಮೇಲೆ ನಿಮ್ಮ ಅಪ್ಪಾಜಿಯ ಅಕ್ಷರದಲ್ಲಿ ‘ಬೆಳಗೊಳ, 2006’, ಅಂದರೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ವರ್ಷ. "ಹಾಸನದಲ್ಲೇ ಎಲ್ಲಾದರೂ ತೊಳೆಸಿ, ಸ್ಕ್ಯಾನ್ ಮಾಡಿಸಿ ಕಳಿಸು, ನೆಗೆಟಿವ್ ಏನೂ ಬೇಡ" ಅಂತ ಬರೆದಿದ್ದೀಯ. ತೊಳೆಸೋಣ, ಸ್ಕ್ಯಾನೂ ಮಾಡಿಸೋಣ. ನೆಗೆಟಿವ್ ಬೇಡ ಅನ್ನುವ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೀರುವಿನಲ್ಲಿ ಹೀಗೆ ರೋಲು ಇಟ್ಟುಕೊಂಡವರು ಇನ್ನೂ ಇರಬಹುದು, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಹಾಸನದಲ್ಲಿ ನನಗೆ ಗೊತ್ತಿರುವ ಸ್ಟುಡಿಯೋಗಳಲ್ಲಿ ಕಲರ್ ಲ್ಯಾಬ್ ಮೆಷಿನ್ ಈಗ ಎಲ್ಲೂ ಓಡುತ್ತಿಲ್ಲ. ರೋಲು ಕೊಟ್ಟರೆ ಇಸಿದುಕೊಳ್ಳುತ್ತಾರೆ, ಒಂದಷ್ಟು ಸೇರಿದ ಮೇಲೆ ಬೆಂಗಳೂರಿಗೆ ಕಳಿಸುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಆ ಮೆಷಿನ್ನಿನ ಕೆಮಿಕಲ್ ಹದದಲ್ಲಿರಬೇಕಾದರೆ ದಿನಾ ಫಿಲ್ಮ್ ಹೋಗುತ್ತಿರಬೇಕು. ಹೋದ ಪ್ರತಿ ರೋಲಿಗೂ ಇಷ್ಟು ಅಂತ ಹೊಸ ದ್ರಾವಣ ಒಳಗೆ ಬಂದು ಹಳೆಯದು ಹೊರಗೆ ಹೋಗುತ್ತದೆ. ವಾರಕ್ಕೆ ಒಂದೋ ಎರಡೋ ರೋಲು ಬಂದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಗಾಳಿ ತಾಗಿ ನಿಂತಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಯಾವ ಲ್ಯಾಬಿಗೆ ಕೊಡುವುದಾದರೂ ನಾನು ಮೊದಲು ಕೇಳುವುದು ವಾರಕ್ಕೆ ಎಷ್ಟು ರೋಲು ಓಡುತ್ತದೆ ಅಂತ. ರೇಟು ಆಮೇಲೆ.

ಈಗ ಡಬ್ಬಿ ತೆಗೆದು ಎರಡು ವಿಷಯ ನೋಡು. ಫಿಲ್ಮಿನ ತುದಿ ಅದರ ಸುರುಳಿಯ ಪುಟ್ಟ ಡಬ್ಬಿಯಿಂದ ಹೊರಗೆ ಚಾಚಿಕೊಂಡಿದ್ದರೆ ಆ ರೋಲನ್ನು ಬಹುಶಃ ಬಳಸಿಯೇ ಇಲ್ಲ. ಪೂರ್ತಿ ಒಳಗೆ ಹೋಗಿದ್ದರೆ ಫೋಟೋ ತೆಗೆದು ಸುತ್ತಿಟ್ಟದ್ದು. ಎರಡನೆಯದು, ಮೇಲೆ ಸಣ್ಣಕ್ಷರದಲ್ಲಿ ‘ಸಿ-41’ ಅಂತ ಇದೆಯಾ ನೋಡು. ಕಲರ್ ನೆಗೆಟಿವ್ ತೊಳೆಯುವ ಈ ವಿಧಾನವನ್ನು ಕೊಡಾಕ್ 1972ರಲ್ಲಿ ತಂದಿತು. ಆಮೇಲೆ ಕೋನಿಕಾ, ಫ್ಯೂಜಿ ಎಲ್ಲವಕ್ಕೂ ಅದೇ ಆಯಿತು. ಕೋನಿಕಾ ಮಿನೋಲ್ಟಾದವರು ಕ್ಯಾಮೆರಾ, ಫಿಲ್ಮಿನ ವ್ಯವಹಾರದಿಂದಲೇ ಹೊರಗೆ ಹೋಗುತ್ತೇವೆ ಅಂತ ಸಾರಿದ್ದು 2006ರ ಜನವರಿಯಲ್ಲಿ. ಮಹಾಮಸ್ತಕಾಭಿಷೇಕ ನಡೆದದ್ದು ಫೆಬ್ರವರಿಯಲ್ಲಿ. ಅಪ್ಪಾಜಿ ಆ ರೋಲುಗಳನ್ನು ಕ್ಯಾಮೆರಾಕ್ಕೆ ಹಾಕುವ ಹೊತ್ತಿಗೆ ಅದನ್ನು ಮಾಡಿದ ಕಂಪನಿಯೇ ಕೈತೊಳೆದುಕೊಂಡಿತ್ತು. ಹನ್ನೆರಡು ವರ್ಷ ಬಿಟ್ಟು 2018ರಲ್ಲಿ ಮತ್ತೆ ಅಭಿಷೇಕ ಆದಾಗ ಬೆಟ್ಟದ ತುಂಬ ಮೊಬೈಲು.

ಅಪ್ಪಾಜಿಯನ್ನು ಒಂದು ಮಾತು ಕೇಳಬೇಕು. ಡಬ್ಬಿ ಇಷ್ಟು ವರ್ಷ ಎಲ್ಲಿತ್ತು? ಹೆಂಚಿನ ಕೆಳಗೆ ಅಟ್ಟದಲ್ಲಿತ್ತೋ, ಕೆಳಗೆ ಮರದ ಬೀರುವಿನಲ್ಲಿತ್ತೋ? ಇದರ ಮೇಲೆ ಬಹಳ ನಿಂತಿದೆ. ತೊಳೆಯದ ಫಿಲ್ಮಿನಲ್ಲಿ ಬೆಳಕು ಬಿದ್ದ ಗುರುತು ಬರುಬರುತ್ತಾ ಮಾಸುತ್ತದೆ, ಬೆಳಕೇ ಬೀಳದ ಕಡೆಯೂ ಮಸುಕು ಏಳುತ್ತದೆ. ಸೆಕೆಯಲ್ಲಿದ್ದರೆ ಇವೆರಡೂ ಬೇಗ. ಅದರಲ್ಲೂ ಕೆಂಪು, ಹಸಿರು, ನೀಲಿ ಬೆಳಕು ಹಿಡಿಯುವ ಪದರಗಳು ಮೂರೂ ಒಂದೇ ಸಮನಾಗಿ ಹಳತಾಗುವುದಿಲ್ಲ. ಅದಕ್ಕೇ ಹಳೆಯ ರೋಲುಗಳಲ್ಲಿ ಇಡೀ ಚಿತ್ರ ಒಂದು ಕಡೆಗೆ ವಾಲಿದ ಬಣ್ಣದಲ್ಲಿ ಬರುವುದು.

ಇಲ್ಲಿ ಒಂದು ತೀರ್ಮಾನ ಆಗಬೇಕು. ಕಲರ್ ಫಿಲ್ಮನ್ನು ಕಪ್ಪು ಬಿಳುಪಿನ ಕೆಮಿಕಲ್ಲಿನಲ್ಲೂ ತೊಳೆಯಬಹುದು. ಬಣ್ಣ ಬರುವುದಿಲ್ಲ, ಫಿಲ್ಮಿನಲ್ಲಿರುವ ಬೆಳ್ಳಿಯಿಂದ ಮೂಡಿದ ಚಿತ್ರ ಉಳಿಯುತ್ತದೆ. ತುಂಬ ಹಾಳಾದ ರೋಲಿಗೆ ಇದೇ ಗಟ್ಟಿ ದಾರಿ. ಮಸುಕು ಕಡಿಮೆ ಏಳುವ ಎಚ್‌ಸಿ-110 ಡೆವಲಪರ್ ಹಾಕಿ ನಾನೇ ಮನೆಯಲ್ಲಿ ಮಾಡಬಲ್ಲೆ. 20 ಡಿಗ್ರಿ ನೀರು ಸಾಕು, ಹಾಸನದ ಚಳಿಯಲ್ಲಿ ಅದಕ್ಕೆ ಕಷ್ಟವೇ ಇಲ್ಲ. ಸಿ-41 ಹಾಗಲ್ಲ. 38 ಡಿಗ್ರಿಯ ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡು, ಕಾಲು ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುತ್ತದೆ. ಅಲ್ಲಿ ಬಣ್ಣ ಮೂಡಿದ ಮೇಲೆ ಬ್ಲೀಚು, ಫಿಕ್ಸರು ಸೇರಿ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತವೆ. ಬಣ್ಣ ಸರಿಯಾಗಿ ಬರಲಿಲ್ಲ, ಬೆಳ್ಳಿಯ ಚಿತ್ರವಾದರೂ ಇರಲಿ ಅಂದರೆ ಆಮೇಲೆ ಸಿಕ್ಕುವುದಿಲ್ಲ.

ಹಾಗಿದ್ದರೆ ಕಪ್ಪು ಬಿಳುಪೇ ಕ್ಷೇಮ ಅಂತ ನಿನಗನ್ನಿಸಬಹುದು. ಆದರೆ ಆ ರೋಲಿನಲ್ಲಿ ಇರುವುದು ಏನು ಯೋಚಿಸು. 58 ಅಡಿಯ ಗೊಮ್ಮಟನ ನೆತ್ತಿಯ ಮೇಲಿನಿಂದ ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿ ಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ, ಕೇಸರಿ. ಬೂದು ಕಲ್ಲು ಬೆಳ್ಳಗಾಗಿ, ಹಳದಿಯಾಗಿ, ಕೆಂಪಗಾಗಿ ಇಳಿಯುವುದು. ಅಪ್ಪಾಜಿ ಮೂರು ರೋಲು ಹಿಡಿದು ವಿಂಧ್ಯಗಿರಿ ಹತ್ತಿದ್ದು ಆ ಬಣ್ಣ ನೋಡುವುದಕ್ಕೆ. ಅರಿಶಿನಕ್ಕೂ ಕೇಸರಿಗೂ ವ್ಯತ್ಯಾಸ ಕಾಣದ ಫೋಟೋ ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಇನ್ನೊಂದು ಧೈರ್ಯವೂ ಇದೆ. ಬಿಸಿಲಿನಲ್ಲಿ ಧಾರಾಳವಾಗಿ ಬೆಳಕು ಕುಡಿದ ಚೌಕಗಳು (ಫಿಲ್ಮಿನ ಮೇಲಿನ ಒಂದೊಂದು ಫೋಟೋ) ಮಸುಕನ್ನು ಮೀರಿ ನಿಲ್ಲುತ್ತವೆ. ರಾತ್ರಿ ಮನೆಯೊಳಗೆ ಸಣ್ಣ ಫ್ಲ್ಯಾಶಿನಲ್ಲಿ ತೆಗೆದವೇ ಮೊದಲು ಹೋಗುವುದು.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಮೂರನ್ನೂ ಒಟ್ಟಿಗೆ ಕೊಡುವುದು ಬೇಡ. ಅಪ್ಪಾಜಿಗೆ ಯಾವುದರಲ್ಲಿ ಬೆಟ್ಟದ ಫೋಟೋ ಕಡಿಮೆ ಅಂತ ನೆನಪಿದ್ದರೆ ಅದು ಮೊದಲು ಹೋಗಲಿ, ಸಿ-41ರಲ್ಲೇ. ಅದರಲ್ಲಿ ಏನಾದರೂ ಬಣ್ಣ ಉಳಿದಿದ್ದರೆ ಉಳಿದೆರಡೂ ಹಾಗೇ ಹೋಗಲಿ. ಬರೀ ಮಸುಕು ಬಂದರೆ ಉಳಿದೆರಡನ್ನು ನಾನು ಕಪ್ಪು ಬಿಳುಪಿನಲ್ಲಿ ತೊಳೆಯುತ್ತೇನೆ. ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡಿ, ಚಿತ್ರ ಎದ್ದು ಬರುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಚಿತ್ರದ ಜೊತೆಗೆ ಮಸುಕೂ ಏಳುತ್ತದೆ.

ಇನ್ನು ಸ್ಕ್ಯಾನು. ಲ್ಯಾಬಿನವರು ತಾವಾಗಿಯೇ ಕೊಡುವುದು ಸಣ್ಣ ಜೆಪೆಗ್, ಮೊಬೈಲಿನಲ್ಲಿ ನೋಡುವುದಕ್ಕೆ ಸಾಕು. ನೀನು ಬಣ್ಣದ ವಿವರ ಹೆಚ್ಚು ಉಳಿಸುವ 16 ಬಿಟ್ ಟಿಫ್ ಫೈಲು ಕೇಳು, ಆಟೊ ಕರೆಕ್ಷನ್ ಹಾಕಬೇಡಿ ಅನ್ನು. 2400 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 2400 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ, ಒಂದು ಚೌಕ ಸುಮಾರು 77 ಲಕ್ಷ ಪಿಕ್ಸೆಲ್ ಆಗುತ್ತದೆ, 4000ದಲ್ಲಿ ಎರಡು ಕೋಟಿ ದಾಟುತ್ತದೆ. ನೆಗೆಟಿವಿನ ಕಿತ್ತಳೆ ಬಣ್ಣ ಕಳೆದು ಸರಿಯಾದ ಬಣ್ಣ ತರುವ ಕೆಲಸ ಅರ್ಧ ಸಾಫ್ಟ್‌ವೇರಿನದು, ಅರ್ಧ ಕೂತವರ ಕಣ್ಣಿನದು. ಅಂದು ಬೆಟ್ಟದ ಮೇಲಿಲ್ಲದವರಿಗೆ ಅರಿಶಿನ ಎಷ್ಟು ಹಳದಿಯಿತ್ತು ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಮುಖ್ಯವಾದ ಚೌಕಗಳನ್ನು ನಾನೇ ಲೈಟ್ ಪ್ಯಾನೆಲ್ ಮೇಲಿಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ತೆಗೆಯುತ್ತೇನೆ, ಬಣ್ಣ ಕೂಡಿಸುವಾಗ ಅಪ್ಪಾಜಿ ಪಕ್ಕದಲ್ಲಿ ಕೂರಲಿ. ಧೂಳಿನ ಚುಕ್ಕೆ ಅಳಿಸಲು ಲ್ಯಾಬ್ ಸ್ಕ್ಯಾನರಿನಲ್ಲಿ ಇನ್ಫ್ರಾರೆಡ್ ಸೌಲಭ್ಯವಿರುತ್ತದೆ. ಅದು ಕಲರ್ ನೆಗೆಟಿವಿಗೆ ಸರಿ, ಬೆಳ್ಳಿಯ ಚಿತ್ರಕ್ಕೆ ಆಗುವುದಿಲ್ಲ. ಬೆಳ್ಳಿಯೇ ಆ ಕಿರಣವನ್ನು ತಡೆಯುತ್ತದೆ.

ನೆಗೆಟಿವಿನ ಮಾತಿಗೆ ಬರುತ್ತೇನೆ. ಸಕಲೇಶಪುರದ ನಮ್ಮ ಚಿಕ್ಕಪ್ಪನ ಮನೆಯ ಮದುವೆ ಆಲ್ಬಮ್ ನಿನಗೆ ನೆನಪಿರಬಹುದು. ಮಳೆಗಾಲದ ಥಂಡಿಗೆ ಪ್ರಿಂಟುಗಳೆಲ್ಲ ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು. ಅಜ್ಜಿ ನಿಂತಿದ್ದ ಫೋಟೋ ಅದರಲ್ಲೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. ಸ್ಟುಡಿಯೋದವರು ಕೊಟ್ಟಿದ್ದ ಕವರಿನಲ್ಲಿ ನೆಗೆಟಿವುಗಳು ಬೇರೆ ಕಪಾಟಿನಲ್ಲಿದ್ದವು, ಚೆನ್ನಾಗಿದ್ದವು. ಈಗ ಚಿಕ್ಕಪ್ಪನ ನಡುಮನೆಯಲ್ಲಿರುವ ಅಜ್ಜಿಯ ದೊಡ್ಡ ಫೋಟೋ ಅದರಿಂದ ಬಂದದ್ದು. ಸ್ಕ್ಯಾನ್ ಅನ್ನುವುದು ಇವತ್ತಿನ ಮೆಷಿನ್, ಇವತ್ತಿನ ಕಣ್ಣು ನೋಡಿದ ಒಂದು ನೋಟ ಅಷ್ಟೇ. ನಾಳೆ ಇದಕ್ಕಿಂತ ಒಳ್ಳೆಯದು ಬಂದಾಗ ಮತ್ತೆ ತೆಗೆಯಲು ಮೂಲ ಕೈಯಲ್ಲಿರಬೇಕು. ಕೆಲವು ಲ್ಯಾಬುಗಳಲ್ಲಿ ಯಾರೂ ಕೇಳದಿದ್ದರೆ ಸ್ವಲ್ಪ ದಿನ ಇಟ್ಟು ಬಿಸಾಡುತ್ತಾರೆ. ಕೊಡುವಾಗಲೇ ಚೀಟಿಯ ಮೇಲೆ ‘ನೆಗೆಟಿವ್ ವಾಪಸ್ ಬೇಕು, ಆರಾರು ಚೌಕದ ಪಟ್ಟಿ’ ಅಂತ ಬರೆಸು. ವಾಪಸ್ ಬಂದದ್ದನ್ನು ಪಾಲಿಪ್ರೊಪಿಲೀನ್ ಹಾಳೆಯಲ್ಲಿಡಬೇಕು, ಪಿವಿಸಿ ಕವರು ಬೇಡ. ಫಿಲ್ಮಿನ ಮೇಲಿರುವುದು ಜೆಲಾಟಿನ್, ಬೂಷ್ಟಿಗೆ ಒಳ್ಳೆಯ ಊಟ. ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಬದಲಾಯಿಸುತ್ತಿದ್ದರೆ ಸಾಕು.

ರೋಲುಗಳನ್ನು ಕೊರಿಯರಿಗೆ ಹಾಕಬೇಡ. ಚನ್ನರಾಯಪಟ್ಟಣದಿಂದ ಹಾಸನ ಎಷ್ಟು ದೂರ, ಅಪ್ಪಾಜಿಯನ್ನು ಕರೆದುಕೊಂಡು ಯಾವುದಾದರೂ ಭಾನುವಾರ ಬಂದುಬಿಡು. ಅವರ ಹಳೇ ಕ್ಯಾಮೆರಾವನ್ನೂ ತಾ, ಅದರಲ್ಲಿ ಇನ್ನೊಂದು ರೋಲು ಇದ್ದರೂ ಇರಬಹುದು. ಕ್ಯಾಮೆರಾದ ಹಿಂದಿನ ಬಾಗಿಲು ಮಾತ್ರ ಅಲ್ಲಿ ತೆರೆಯಬೇಡ, ಫಿಲ್ಮಿಗೆ ಬೆಳಕು ಬೀಳುತ್ತದೆ. ಬರುವ ದಿನ ಮೊದಲೇ ತಿಳಿಸು, ಊಟ ನಮ್ಮಲ್ಲೇ.

ನಿನ್ನ ಗೆಳೆಯ,
ಹಾಸನ